‘ಪದೇ ಪದೇ’ ಅಂದರೆ ಎಷ್ಟು ಸಲ?

ಕೂತಲ್ಲಿ ಕೂರುವುದಿಲ್ಲ. ಹೇಳಿದ್ದು ಒಂದು ಕಿವಿಯಲ್ಲಿ ಹೋಗಿ ಇನ್ನೊಂದರಲ್ಲಿ ಬರುತ್ತದೆ. ಪಕ್ಕದವರ ಪೆನ್ಸಿಲ್ ಕಿತ್ತುಕೊಳ್ಳುತ್ತಾನೆ. ಸರದಿ ಬರುವ ತನಕ ಕಾಯುವುದಿಲ್ಲ. ಬರೆಯಲು ಕೊಟ್ಟ ಐದು ಸಾಲಿನಲ್ಲಿ ಎರಡು ಮುಗಿಸಿ ಕಿಟಕಿ ನೋಡುತ್ತಾನೆ. ಒಂದನೇ ತರಗತಿಯ ಟೀಚರ್ ಇಷ್ಟನ್ನೂ ಹೇಳಿ ಮುಗಿಸಿ, ಸ್ವಲ್ಪ ತಡೆದು, ‘ಒಂದ್ಸಲ ಡಾಕ್ಟರ್‌ಗೆ ತೋರಿಸಿ ನೋಡಿ’ ಅನ್ನುತ್ತಾರೆ. ಆಮೇಲೆ ಅವರು ಹೇಳಿದ್ದು ಯಾವುದೂ ಅಪ್ಪ ಅಮ್ಮನ ತಲೆಗೆ ಹೋಗುವುದಿಲ್ಲ.

ರಾತ್ರಿ ಮಗು ಮಲಗಿದ ಮೇಲೆ ಫೋನಿನಲ್ಲಿ ಹುಡುಕಾಟ ಶುರು. ಎಡಿಎಚ್‌ಡಿ ಅನ್ನುವ ಹೆಸರು ಸಿಗುತ್ತದೆ. ಗಮನದ ಕೊರತೆ, ಅತಿ ಚಟುವಟಿಕೆ. ಕೆಳಗೆ ಲಕ್ಷಣಗಳ ಪಟ್ಟಿ. ಓದಿದರೆ ಎಲ್ಲವೂ ಮಗನದ್ದೇ. ಇನ್ನೊಮ್ಮೆ ಓದಿದರೆ ಅರ್ಧ ಅಪ್ಪನದ್ದು.

ಆ ಪಟ್ಟಿ ಹೆಚ್ಚಾಗಿ ಬರುವುದು ಅಮೆರಿಕದ ಮನೋವೈದ್ಯರ ಸಂಘ ಹೊರತರುವ ಕೈಪಿಡಿಯಿಂದ. ಅದರ ಐದನೇ ಆವೃತ್ತಿ ಬಂದದ್ದು 2013ರಲ್ಲಿ. ಗಮನ ನಿಲ್ಲದಿರುವುದಕ್ಕೆ 9 ಲಕ್ಷಣ, ಚಡಪಡಿಕೆ ಮತ್ತು ದುಡುಕಿಗೆ 9 ಲಕ್ಷಣ. ಮಕ್ಕಳಲ್ಲಿ ಯಾವುದಾದರೂ ಒಂದು ಗುಂಪಿನ 6 ಇರಬೇಕು. ಈ 18ರಲ್ಲಿ ಪ್ರತಿಯೊಂದರಲ್ಲೂ ಒಂದೇ ಮಾತು ಮರಳಿ ಬರುತ್ತದೆ: ‘ಪದೇ ಪದೇ’. ಪದೇ ಪದೇ ವಸ್ತು ಕಳೆದುಕೊಳ್ಳುತ್ತದೆ, ಪದೇ ಪದೇ ಜಾಗ ಬಿಟ್ಟು ಏಳುತ್ತದೆ, ಪದೇ ಪದೇ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳುತ್ತದೆ.

ಎಷ್ಟು ಸಲ ಆದರೆ ‘ಪದೇ ಪದೇ’? ದಿನಕ್ಕೆ ಮೂರು ಸಲವೋ, ಗಂಟೆಗೆ ಮೂರು ಸಲವೋ? ಕೈಪಿಡಿಯಲ್ಲಿ ಸಂಖ್ಯೆ ಇಲ್ಲ. ಇರುವುದು ಹೋಲಿಕೆ. ಮಗು ಬೆಳವಣಿಗೆಯ ಯಾವ ಹಂತದಲ್ಲಿದೆಯೋ ಆ ಹಂತಕ್ಕೆ ಹೊಂದದಷ್ಟು ಜಾಸ್ತಿ ಇರಬೇಕು, ಅಷ್ಟೇ. ಇದನ್ನು ಹಿಡಿದು ತೋರಿಸುವ ರಕ್ತ ಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. ನೋಡುವವರು ಮಗುವನ್ನು ಯಾರ ಪಕ್ಕ ನಿಲ್ಲಿಸಿ ಅಳೆಯುತ್ತಾರೆ ಅನ್ನುವುದರ ಮೇಲೆ ಅರ್ಧ ತೀರ್ಮಾನ ನಿಂತಿರುತ್ತದೆ. ಈ ವಿಷಯದಲ್ಲಿ ನಡೆಯುವ ತಪ್ಪುಗಳು ಹುಟ್ಟುವುದೂ ಬಹುಪಾಲು ಇಲ್ಲೇ ಅಂತ ನನಗನ್ನಿಸುತ್ತದೆ.

ಒಂದು ಲೆಕ್ಕ ನೋಡಿ. ಒಂದೇ ತರಗತಿಯಲ್ಲಿ ಕೂತ ಇಬ್ಬರು ಮಕ್ಕಳ ನಡುವೆ 11 ತಿಂಗಳ ಅಂತರ ಇರಬಹುದು. ನಲವತ್ತು ವರ್ಷದವರಿಗೆ 11 ತಿಂಗಳು ಏನೂ ಅಲ್ಲ. ಐದು ವರ್ಷದ ಮಗುವಿಗೆ ಅದು ಇಲ್ಲಿಯವರೆಗಿನ ಬದುಕಿನ ಐದನೇ ಒಂದು ಪಾಲಿಗೆ ಹತ್ತಿರ. ಒಬ್ಬಳು ಸುಮ್ಮನೆ ಕೂತು ಬರೆಯುತ್ತಾಳೆ, ಇನ್ನೊಬ್ಬ ಕುರ್ಚಿಯ ಮೇಲೆ ಮಂಡಿಯೂರಿ ಅಲ್ಲಾಡುತ್ತಾನೆ. ಟೀಚರ್ ಕಣ್ಣಿಗೆ ಇಬ್ಬರೂ ‘ಒಂದನೇ ಕ್ಲಾಸ್’.

ಇದು ಬರೀ ಊಹೆ ಅಲ್ಲ. ಅಮೆರಿಕದ ಹಲವು ರಾಜ್ಯಗಳಲ್ಲಿ ಶಾಲೆಗೆ ಸೇರಲು ಸೆಪ್ಟೆಂಬರ್ 1 ಗಡಿ ದಿನ. ಆಗಸ್ಟಿನಲ್ಲಿ ಹುಟ್ಟಿದ ಮಗು ತರಗತಿಯಲ್ಲಿ ಎಲ್ಲರಿಗಿಂತ ಚಿಕ್ಕದು, ಸೆಪ್ಟೆಂಬರಿನಲ್ಲಿ ಹುಟ್ಟಿದ್ದು ಎಲ್ಲರಿಗಿಂತ ದೊಡ್ಡದು. 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಲ್ಲಿನ 4 ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ತೆಗೆದು ನೋಡಿತು. ಸೆಪ್ಟೆಂಬರಿನಲ್ಲಿ ಹುಟ್ಟಿದ ಪ್ರತಿ 10,000 ಮಕ್ಕಳಲ್ಲಿ ಸುಮಾರು 64 ಮಂದಿಗೆ ಎಡಿಎಚ್‌ಡಿ ಅಂತ ಹೇಳಲಾಗಿತ್ತು. ಆಗಸ್ಟಿನಲ್ಲಿ ಹುಟ್ಟಿದವರಲ್ಲಿ ಸುಮಾರು 85 ಮಂದಿಗೆ. ಸೆಪ್ಟೆಂಬರ್ 1ರ ಗಡಿ ಇಲ್ಲದ ರಾಜ್ಯಗಳಲ್ಲಿ ಈ ಎರಡು ತಿಂಗಳ ನಡುವೆ ಅಂಥ ವ್ಯತ್ಯಾಸ ಕಾಣಲಿಲ್ಲ. ಅಂದರೆ ಆಗಸ್ಟ್ ತಿಂಗಳಿನಲ್ಲಿ ದೋಷವಿಲ್ಲ, ಪಕ್ಕದ ಬೆಂಚಿನಲ್ಲಿದೆ.

ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಗಡಿ ದಿನ ಡಿಸೆಂಬರ್ 31. ಅಲ್ಲಿ 9 ಲಕ್ಷಕ್ಕೂ ಹೆಚ್ಚು ಮಕ್ಕಳ ಲೆಕ್ಕ ಹಾಕಿ 2012ರಲ್ಲಿ ಪ್ರಕಟಿಸಿದಾಗ ಚಿತ್ರ ಇದೇ. ಜನವರಿಯಲ್ಲಿ ಹುಟ್ಟಿದ ಹುಡುಗರಿಗಿಂತ ಡಿಸೆಂಬರಿನ ಹುಡುಗರಿಗೆ ಈ ಹೆಸರು ಬೀಳುವ ಸಾಧ್ಯತೆ ಶೇ 30ರಷ್ಟು ಜಾಸ್ತಿ. ಹುಡುಗಿಯರಲ್ಲಿ ಶೇ 70. ತಿಂಗಳು ಬದಲಾದದ್ದರಿಂದ ಮೆದುಳಿನ ಕಾಯಿಲೆ ಬದಲಾಗುವುದಿಲ್ಲ, ಅಲ್ವಾ? ಚಿಕ್ಕ ಮಗುವಿನ ಚಿಕ್ಕತನವನ್ನೇ ಕೆಲವು ಸಲ ಕಾಯಿಲೆ ಅಂತ ಓದಲಾಗಿದೆ.

ಇಷ್ಟು ಓದಿ ‘ನೋಡಿದ್ರಾ, ಇದೆಲ್ಲಾ ಸುಳ್ಳು’ ಅನ್ನುವವರಿದ್ದಾರೆ. ಅವರ ಜೊತೆ ನಾನು ಹೋಗಲಾರೆ. ಸೆಪ್ಟೆಂಬರಿನ ಮಕ್ಕಳಲ್ಲೂ 10,000ಕ್ಕೆ 64 ಮಂದಿ ಇದ್ದರಲ್ಲ. ಅವರು ತರಗತಿಯಲ್ಲೇ ದೊಡ್ಡವರು. ಆದರೂ ಕೂರಲಾಗುತ್ತಿಲ್ಲ.

ಈ ಸಮಸ್ಯೆ ಮೊಬೈಲ್ ಬಂದ ಮೇಲೆ ಹುಟ್ಟಿದ್ದೂ ಅಲ್ಲ. ಸ್ಕಾಟ್ಲೆಂಡಿನ ವೈದ್ಯ ಅಲೆಕ್ಸಾಂಡರ್ ಕ್ರಿಕ್ಟನ್ 1798ರಲ್ಲೇ ಗಮನ ಒಂದೆಡೆ ನಿಲ್ಲದವರ ಬಗ್ಗೆ ಬರೆದಿದ್ದ. 1902ರಲ್ಲಿ ಲಂಡನ್ನಿನಲ್ಲಿ ಜಾರ್ಜ್ ಸ್ಟಿಲ್ ಅನ್ನುವ ಮಕ್ಕಳ ವೈದ್ಯ ಉಪನ್ಯಾಸಗಳಲ್ಲಿ ಇಂಥ ಮಕ್ಕಳನ್ನು ವಿವರಿಸಿದ. ಬುದ್ಧಿಗೆ ಕೊರತೆ ಇಲ್ಲ, ಆದರೆ ತಮ್ಮನ್ನು ತಾವು ತಡೆದುಕೊಳ್ಳಲು ಆಗುವುದಿಲ್ಲ. ಅವನು ಇದನ್ನು ‘ನೈತಿಕ ಹತೋಟಿಯ ಕೊರತೆ’ ಅಂದ. ಆ ‘ನೈತಿಕ’ ಅನ್ನುವ ಪದ ವೈದ್ಯರ ಬಾಯಿಂದ ಎಂದೋ ಹೋಯಿತು. ಶಾಲೆಯ ವರಾಂಡದಲ್ಲಿ ಇನ್ನೂ ಓಡಾಡುತ್ತಿದೆ. ‘ಬುದ್ಧಿ ಇದೆ, ಆದ್ರೆ ಸೊಕ್ಕು’ ಅನ್ನುವುದು ಅದರದ್ದೇ ಮರಿ.

ಜಗತ್ತಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಮಕ್ಕಳಲ್ಲಿ ಸುಮಾರು ಶೇ 5ರಷ್ಟು ಮಂದಿಗೆ ಎಡಿಎಚ್‌ಡಿ ಇರುತ್ತದೆ. ಅಮೆರಿಕದಲ್ಲಿ 2022ರ ಸಮೀಕ್ಷೆಯಲ್ಲಿ 3ರಿಂದ 17 ವರ್ಷದವರಲ್ಲಿ ಶೇ 11.4ರಷ್ಟು ಮಕ್ಕಳಿಗೆ ಎಂದಾದರೂ ಈ ಹೆಸರು ಬಿದ್ದಿದೆ ಅಂತ ಪೋಷಕರು ಹೇಳಿದ್ದರು. ಎರಡು ಸಂಖ್ಯೆಗಳ ನಡುವಿನ ಜಾಗದಲ್ಲಿ ತಿಳಿವಳಿಕೆ ಹೆಚ್ಚಿದ್ದೂ ಇದೆ, ಅಳತೆಯ ರೀತಿ ಬೇರೆ ಇರುವುದೂ ಇದೆ, ಅವಸರವೂ ಇದೆ. ಯಾವುದು ಎಷ್ಟು ಅಂತ ಒಂದೇ ಮಾತಿನಲ್ಲಿ ಹೇಳುವವರನ್ನು ಸ್ವಲ್ಪ ಅನುಮಾನದಿಂದ ನೋಡಿ.

ನಿಜವಾಗಿ ಇದ್ದಾಗ ಇದರ ಬೇರು ಆಳದಲ್ಲಿರುತ್ತದೆ. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ, ಈ ಲಕ್ಷಣಗಳಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಸುಮಾರು ಮುಕ್ಕಾಲು ಪಾಲು ವಂಶವಾಹಿಯಿಂದ ಬರುವಂಥದ್ದು. ರಾತ್ರಿ ಪಟ್ಟಿ ಓದಿದ ಅಪ್ಪನಿಗೆ ತನ್ನದೇ ನೆನಪಾದದ್ದು ಸುಮ್ಮನೆ ಅಲ್ಲ. 2007ರ ಒಂದು ಅಧ್ಯಯನ ಮಕ್ಕಳ ಮೆದುಳಿನ ಹೊರಪದರ ಬೆಳೆಯುವ ವೇಗ ಅಳೆಯಿತು. ಆ ಪದರದ ಅರ್ಧದಷ್ಟು ಜಾಗಗಳು ತಮ್ಮ ಗರಿಷ್ಠ ದಪ್ಪ ಮುಟ್ಟುವುದು ಬೇರೆ ಮಕ್ಕಳಲ್ಲಿ ಏಳೂವರೆ ವರ್ಷಕ್ಕೆ, ಎಡಿಎಚ್‌ಡಿ ಇರುವವರಲ್ಲಿ ಹತ್ತೂವರೆಗೆ. ಕ್ರಮ ಅದೇ, ಗಡಿಯಾರ ಮೂರು ವರ್ಷ ಹಿಂದೆ. ಇದು ಗುಂಪಿನ ಸರಾಸರಿ. ನಿಮ್ಮ ಮಗುವನ್ನು ಸ್ಕ್ಯಾನ್ ಮಾಡಿ ಇದನ್ನು ಹೇಳಲು ಬರುವುದಿಲ್ಲ.

ಆದರೆ ಟೀಚರ್‌ಗೂ ಮನೆಯವರಿಗೂ ನಿಜವಾಗಿ ತಲೆ ಕೆಡಿಸುವುದು ನಿಧಾನ ಅಲ್ಲ, ಏರಿಳಿತ. ನಿನ್ನೆ ಇಡೀ ಪುಟ ಚೆಂದವಾಗಿ ಬರೆದಿದ್ದಾಳೆ. ಇವತ್ತು ಒಂದು ಸಾಲು ಬರೆಯಲು ಮುಕ್ಕಾಲು ಗಂಟೆ. ‘ನಿನ್ನೆ ಮಾಡಿದ್ಯಲ್ಲ, ಇವತ್ತೇನು ರೋಗ?’ ಅನ್ನುವ ಪ್ರಶ್ನೆ ಸಹಜವಾಗಿ ಬರುತ್ತದೆ. ಒಮ್ಮೆ ಮಾಡಿದ್ದನ್ನು ಯಾವಾಗಲೂ ಮಾಡಬಹುದು, ಮಾಡದಿದ್ದರೆ ಬೇಕಂತಲೇ, ಅನ್ನುವುದು ನಮ್ಮ ಲೆಕ್ಕ. ಈ ಮಕ್ಕಳ ವಿಷಯದಲ್ಲಿ ಆ ಲೆಕ್ಕ ತಪ್ಪುತ್ತದೆ. ಪರದೆಯ ಮೇಲೆ ಗುರುತು ಕಂಡ ಕೂಡಲೇ ಗುಂಡಿ ಒತ್ತುವ ಸರಳ ಪರೀಕ್ಷೆ ಕೊಟ್ಟರೂ ಅವರ ವೇಗ ಒಂದು ಸಲದಿಂದ ಇನ್ನೊಂದು ಸಲಕ್ಕೆ ಬೇರೆಯವರಿಗಿಂತ ಹೆಚ್ಚು ಏರಿಳಿಯುತ್ತದೆ. ಸಂಶೋಧನೆಗಳಲ್ಲಿ ಮತ್ತೆ ಮತ್ತೆ ಸಿಕ್ಕಿರುವ ಸಂಗತಿ ಇದು. ಏರಿಳಿತವೇ ಲಕ್ಷಣ. ಅದನ್ನೇ ನಾವು ನಾಟಕಕ್ಕೆ ಸಾಕ್ಷಿ ಅಂತ ಹಿಡಿಯುತ್ತೇವೆ.

ಇನ್ನೊಂದು ಮಾತು ಎಲ್ಲ ಕಡೆ ಕೇಳಿಬರುತ್ತದೆ: ‘ಮೊಬೈಲ್ ಕೊಟ್ರೆ ಎರಡು ಗಂಟೆ ಅಲ್ಲಾಡಲ್ಲ. ಆಗ ಗಮನ ಎಲ್ಲಿಂದ ಬಂತು?’ ಒಳ್ಳೆಯ ಪ್ರಶ್ನೆಯೇ. ಉತ್ತರ ಏನೆಂದರೆ, ಇಲ್ಲಿ ಕೊರತೆ ಇರುವುದು ಗಮನದ್ದಲ್ಲ, ಅದನ್ನು ಬೇಕಾದ ಕಡೆ ತಿರುಗಿಸಿ ನಿಲ್ಲಿಸುವ ಶಕ್ತಿಯದ್ದು. ಆಟದಲ್ಲಿ ಪ್ರತಿ ಎರಡು ಸೆಕೆಂಡಿಗೆ ಏನೋ ಸಿಗುತ್ತದೆ: ಶಬ್ದ, ಬಣ್ಣ, ಅಂಕ. ಗಮನವನ್ನು ಆಟವೇ ಎಳೆದು ಹಿಡಿಯುತ್ತದೆ. ಕೂಡುವ ಲೆಕ್ಕದ ಹಾಳೆ ಎಳೆಯುವುದಿಲ್ಲ. ಅಲ್ಲಿ ಮಗುವೇ ಹಿಡಿಯಬೇಕು. ದೂರದ ಬಹುಮಾನಕ್ಕೆ ಕಾಯುವುದು ಎಲ್ಲ ಮಕ್ಕಳಿಗೂ ಕಷ್ಟ, ಇವರಿಗೆ ಇನ್ನೂ ಜಾಸ್ತಿ. ‘ವರ್ಷದ ಕೊನೆಗೆ ಒಳ್ಳೆ ಮಾರ್ಕ್ಸ್ ತೆಗೆದ್ರೆ ಸೈಕಲ್’ ಅನ್ನುವುದು ಆರು ವರ್ಷದ ಇಂಥ ಮಗುವಿಗೆ ಬೇರೆ ಗ್ರಹದ ಸುದ್ದಿ.

ಇನ್ನು, ಎಡಿಎಚ್‌ಡಿ ಥರ ಕಾಣುವ ಆದರೆ ಅದಲ್ಲದ ವಿಷಯಗಳು. ಡಾಕ್ಟರ್ ಹತ್ತಿರ ಹೋಗುವ ಮೊದಲೇ ಪೋಷಕರು ಗಮನಿಸಬಹುದಾದ ಜಾಗ ಇದು. ಹಾಗಾಗಿ ಸ್ವಲ್ಪ ನಿಂತು ಹೇಳುತ್ತೇನೆ.

ಮೊದಲು ನಿದ್ದೆ. ನಿದ್ದೆ ಕಮ್ಮಿಯಾದ ದೊಡ್ಡವರು ತೂಕಡಿಸುತ್ತಾರೆ. ನಿದ್ದೆಗೆಟ್ಟ ಮಗು ಎಷ್ಟೋ ಸಲ ತೂಕಡಿಸುವುದೇ ಇಲ್ಲ, ಕುಣಿಯುತ್ತದೆ. ರೇಗುತ್ತದೆ, ಸಣ್ಣದಕ್ಕೂ ಅಳುತ್ತದೆ, ಒಂದು ಕೆಲಸದಲ್ಲಿ ನಿಲ್ಲುವುದಿಲ್ಲ. 3ರಿಂದ 5 ವರ್ಷದವರಿಗೆ ದಿನಕ್ಕೆ 10ರಿಂದ 13 ಗಂಟೆ, 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ ನಿದ್ದೆ ಬೇಕು ಅಂತ ನಿದ್ರಾತಜ್ಞರು ಹೇಳುತ್ತಾರೆ. ಮಲಗುವ ಹೊತ್ತು ಸರಿಯಿದ್ದೂ ಮಗು ದಿನಾ ಗೊರಕೆ ಹೊಡೆಯುತ್ತಿದ್ದರೆ, ಬಾಯಿ ತೆರೆದು ಉಸಿರಾಡುತ್ತಿದ್ದರೆ, ಮಧ್ಯೆ ಉಸಿರು ಕಟ್ಟಿದಂತಾಗಿ ಹೊರಳುತ್ತಿದ್ದರೆ ಟಾನ್ಸಿಲ್, ಮೂಗಿನ ಹಿಂಭಾಗದಲ್ಲಿರುವ ಅಡಿನಾಯ್ಡ್ ದಪ್ಪಗಾಗಿವೆಯೇ ಅಂತ ನೋಡಿಸಬೇಕು. ಇಂಥ ಉಸಿರುಕಟ್ಟು ಇದ್ದ 5ರಿಂದ 9 ವರ್ಷದ 464 ಮಕ್ಕಳ ಮೇಲೆ ಅಮೆರಿಕದಲ್ಲಿ ನಡೆದ ಒಂದು ಪ್ರಯೋಗದ ಫಲ 2013ರಲ್ಲಿ ಬಂತು. ಬೇಗನೆ ಟಾನ್ಸಿಲ್, ಅಡಿನಾಯ್ಡ್ ತೆಗೆಸಿಕೊಂಡ ಮಕ್ಕಳ ವರ್ತನೆ, ಕಾದು ನೋಡಿದ ಮಕ್ಕಳಿಗಿಂತ ಚೆನ್ನಾಗಾಗಿತ್ತು ಅಂತ ಪೋಷಕರೂ ಟೀಚರ್‌ಗಳೂ ಕೊಟ್ಟ ಅಂಕಗಳು ಹೇಳಿದವು. ಆದರೆ ಗಮನ ಅಳೆಯುವ ಪರೀಕ್ಷೆಯಲ್ಲಿ ಎರಡು ಗುಂಪಿಗೂ ಗಣ್ಯ ವ್ಯತ್ಯಾಸ ಬರಲಿಲ್ಲ. ಆಪರೇಷನ್ ಮಾಡಿಸಿದರೆ ಎಲ್ಲ ಸರಿಹೋಗುತ್ತದೆ ಅಂತ ಇದರಿಂದ ಹೇಳಲಾಗದು. ಗೊರಕೆಯ ಬಗ್ಗೆ ಯಾರೂ ಕೇಳದೆ ಹೆಸರು ಹಚ್ಚಬಾರದು ಅಂತ ಮಾತ್ರ ಹೇಳಬಹುದು.

ಎರಡನೆಯದು ಕಿವಿ. ಶೀತ ಆದಾಗೆಲ್ಲ ಕಿವಿಯ ಒಳಗೆ ಅಂಟು ನೀರು ಸೇರಿ ಕೇಳಿಸುವುದು ಮಂದವಾಗುವುದು ಚಿಕ್ಕ ಮಕ್ಕಳಲ್ಲಿ ತುಂಬಾ ಸಾಮಾನ್ಯ. ಇದು ಬಂದು ಹೋಗಿ ಮಾಡುತ್ತದೆ. ಈ ವಾರ ಕೇಳಿಸುತ್ತದೆ, ಮುಂದಿನ ವಾರ ಇಲ್ಲ. ಎದುರು ನಿಂತು ಹೇಳಿದರೆ ಕೇಳಿಸುತ್ತದೆ, ಗದ್ದಲದಲ್ಲಿ ಹಿಂದಿನಿಂದ ಕೂಗಿದರೆ ಇಲ್ಲ. ಆಗ ಮನೆಯಲ್ಲೂ ಶಾಲೆಯಲ್ಲೂ ಬರುವ ತೀರ್ಪು: ‘ಬೇಕಾದಾಗ ಮಾತ್ರ ಕೇಳಿಸುತ್ತೆ ಇವಳಿಗೆ.’ ಕಣ್ಣಿನದ್ದೂ ಇದೇ ಕತೆ. ಬೋರ್ಡ್ ಕಾಣದ ಮಗು ‘ಕಾಣ್ತಿಲ್ಲ’ ಅನ್ನುವುದಿಲ್ಲ. ಎಲ್ಲರಿಗೂ ಹೀಗೇ ಕಾಣುತ್ತದೆ ಅಂತ ಅದು ಅಂದುಕೊಂಡಿರುತ್ತದೆ.

ಕನಸು ಕಾಣುವ ಹಾಗೆ ಕೂರುವ ಮಕ್ಕಳಲ್ಲಿ ಕೆಲವರಿಗೆ ಇರುವುದು ಒಂದು ಬಗೆಯ ಮೂರ್ಛೆ. ಬೀಳುವುದಿಲ್ಲ, ಕೈಕಾಲು ಸೆಳೆಯುವುದಿಲ್ಲ. ಮಾತಿನ ಮಧ್ಯೆ ಕೆಲವು ಸೆಕೆಂಡು ದೃಷ್ಟಿ ನೆಟ್ಟು ನಿಂತುಬಿಡುತ್ತದೆ, ರೆಪ್ಪೆ ಬಡಿಯುತ್ತದೆ, ಆಮೇಲೆ ಏನೂ ಆಗದಂತೆ ಮುಂದುವರಿಯುತ್ತದೆ. ದಿನಕ್ಕೆ ಹತ್ತಾರು ಸಲ ಆಗಬಹುದು. ಸುಮ್ನೆ ಯೋಚನೆಯಲ್ಲಿ ಮುಳುಗಿದ ಮಗು ಭುಜ ಮುಟ್ಟಿದರೆ ತಿರುಗುತ್ತದೆ. ಇದರಲ್ಲಿ ತಿರುಗುವುದಿಲ್ಲ. ಇದನ್ನು ಮೆದುಳಿನ ವಿದ್ಯುತ್ ಅಲೆ ದಾಖಲಿಸುವ ಇಇಜಿ ಪರೀಕ್ಷೆಯಲ್ಲಿ ಹಿಡಿಯಬಹುದು, ಔಷಧಿಯೂ ಇದೆ.

ಓದುವ ಪಿರಿಯಡ್ಡಿನಲ್ಲಿ ಮಾತ್ರ ಗಲಾಟೆ, ಚಿತ್ರ ಬರೆಯುವಾಗ ತಣ್ಣಗೆ ಇರುವ ಮಗುವಿಗೆ ಡಿಸ್ಲೆಕ್ಸಿಯಾ, ಅಂದರೆ ಅಕ್ಷರ ಓದುವುದರಲ್ಲೇ ತೊಡಕು, ಇರಬಹುದು. ಮನೆಯಲ್ಲಿ ಹೊಡೆದಾಟ ನೋಡಿ ಬಂದ ಮಗು ಪಾಠ ಕೇಳುವುದಿಲ್ಲ, ಬಾಗಿಲು ನೋಡುತ್ತಿರುತ್ತದೆ. ಆತಂಕ, ಕಬ್ಬಿಣದ ಕೊರತೆ, ಆಟಿಸಂ, ತರಗತಿಯ ಭಾಷೆಯೇ ಅರ್ಥವಾಗದಿರುವುದು, ಹೀಗೆ ಪಟ್ಟಿ ಉದ್ದ ಇದೆ. ಇವುಗಳಲ್ಲಿ ಕೆಲವು ಎಡಿಎಚ್‌ಡಿ ಜೊತೆಗೇ ಇರಬಲ್ಲವು ಅನ್ನುವುದು ಇನ್ನೊಂದು ತೊಡಕು. ಅದಕ್ಕೇ ಕೈಪಿಡಿ ‘ಪದೇ ಪದೇ’ಗೆ ಕೆಲವು ಬೇಲಿ ಹಾಕಿದೆ. ಲಕ್ಷಣ ಕನಿಷ್ಠ 6 ತಿಂಗಳಿಂದ ಇರಬೇಕು. ಹಲವು ಲಕ್ಷಣಗಳು 12 ವರ್ಷದೊಳಗೇ ಕಾಣಿಸಿಕೊಂಡಿರಬೇಕು. ಮನೆ, ಶಾಲೆ, ಆಟದ ಜಾಗ, ಇಂಥ ಎರಡು ಕಡೆಯಾದರೂ ಇರಬೇಕು. ಬದುಕಿಗೆ ಅಡ್ಡಿ ಮಾಡುತ್ತಿರಬೇಕು. ಶಾಲೆಯಲ್ಲಿ ಮಾತ್ರ, ಅದೂ ಒಬ್ಬರೇ ಟೀಚರ್ ಹತ್ತಿರ ಮಾತ್ರ ತೊಂದರೆ ಇದ್ದರೆ ಪ್ರಶ್ನೆ ಬೇರೆ ಕಡೆ ತಿರುಗಬೇಕು.

ಗದ್ದಲ ಮಾಡುವವರ ಬಗ್ಗೆ ಇಷ್ಟು ಮಾತಾಡುವಾಗ ಗದ್ದಲ ಮಾಡದವರು ತಪ್ಪಿಸಿಕೊಳ್ಳುತ್ತಾರೆ. ಚಡಪಡಿಕೆಯೇ ಇಲ್ಲದ, ಬರೀ ಗಮನ ಜಾರುವ ಬಗೆಯೂ ಇದೆ. ಹುಡುಗಿಯರಲ್ಲಿ ಇದು ಹೆಚ್ಚಾಗಿ ಕಾಣುತ್ತದೆ. ಅವಳು ಯಾರಿಗೂ ತೊಂದರೆ ಕೊಡುವುದಿಲ್ಲ. ನೋಟ್‌ಬುಕ್ ಮರೆಯುತ್ತಾಳೆ, ಅರ್ಧ ಕೇಳಿಸಿಕೊಂಡು ಪಕ್ಕದವಳನ್ನು ನೋಡಿ ಬರೆಯುತ್ತಾಳೆ, ‘ಪಾಪ, ಸ್ವಲ್ಪ ನಿಧಾನ’ ಅನ್ನಿಸಿಕೊಂಡು ಮುಂದಿನ ತರಗತಿಗೆ ಹೋಗುತ್ತಾಳೆ. ಹುಡುಗರಿಗೆ ಈ ಹೆಸರು ಹುಡುಗಿಯರಿಗಿಂತ ಸುಮಾರು ಎರಡು ಪಟ್ಟು ಬೀಳುವುದರಲ್ಲಿ ಇದರ ಪಾಲೂ ಇದೆ. ಡಾಕ್ಟರ್ ಹತ್ತಿರ ಕಳಿಸುವುದು ಯಾರು ನರಳುತ್ತಿದ್ದಾರೆ ಅಂತ ನೋಡಿ ಅಲ್ಲ, ಯಾರು ಪಾಠ ಕೆಡಿಸುತ್ತಿದ್ದಾರೆ ಅಂತ ನೋಡಿ. ಕಟುವಾಗಿ ಕೇಳಿಸಬಹುದು, ಆದರೆ ಹಾಗೇ ನಡೆಯುತ್ತಿದೆ.

ಈಗ ವರ್ತನೆಯ ವಿಷಯ. ಹಠ, ಎದುರುತ್ತರ, ಹೊಡೆಯುವುದು, ಎಸೆಯುವುದು. ಇದು ಎಡಿಎಚ್‌ಡಿಯೇ ಅಲ್ಲ, ಆದರೆ ಜೊತೆಗೆ ಬರುವುದು ಬಹಳ. 1990ರ ದಶಕದಲ್ಲಿ ಅಮೆರಿಕ ಮತ್ತು ಕೆನಡಾದಲ್ಲಿ 7ರಿಂದ 9 ವರ್ಷದ 579 ಎಡಿಎಚ್‌ಡಿ ಮಕ್ಕಳನ್ನು ಸೇರಿಸಿ ನಡೆಸಿದ ದೊಡ್ಡ ಚಿಕಿತ್ಸಾ ಪ್ರಯೋಗದಲ್ಲಿ ಸುಮಾರು ಶೇ 40 ಮಂದಿಗೆ ಎದುರು ಬೀಳುವ ವರ್ತನೆಯ ಸಮಸ್ಯೆಯೂ ಇತ್ತು. ಮೂರನೇ ಒಂದು ಪಾಲಿಗೆ ಆತಂಕವಿತ್ತು. ಬರೀ ಎಡಿಎಚ್‌ಡಿ ಮಾತ್ರ ಇದ್ದವರು ಮೂರರಲ್ಲಿ ಒಬ್ಬರೂ ಇರಲಿಲ್ಲ.

ಬೆಳಿಗ್ಗೆಯಿಂದ ಸಂಜೆವರೆಗೆ ‘ಕೂತ್ಕೋ’, ‘ಬೇಡ’, ‘ಎಷ್ಟು ಸಲ ಹೇಳ್ಬೇಕು’ ಕೇಳಿಸಿಕೊಳ್ಳುವ ಮಗುವನ್ನು ಯೋಚಿಸಿ. ಆ ಮಗುವಿಗೆ ಬೇಗನೆ ಎರಡು ಪಾಠ ಗೊತ್ತಾಗುತ್ತವೆ. ಸುಮ್ಮನಿದ್ದಾಗ ಯಾರೂ ನೋಡುವುದಿಲ್ಲ. ಗಲಾಟೆ ಮಾಡಿದಾಗ ಇಡೀ ತರಗತಿ ತಿರುಗುತ್ತದೆ. ಇನ್ನು ಬರೆಯುವುದೇ ಕಷ್ಟ ಇರುವ ಮಗು ಬರೆಯುವ ಹೊತ್ತಿಗೆ ಸರಿಯಾಗಿ ಪಕ್ಕದವನನ್ನು ಚಿವುಟುತ್ತದೆ. ಟೀಚರ್ ಸಿಟ್ಟಿನಿಂದ ಹೊರಗೆ ನಿಲ್ಲಿಸುತ್ತಾರೆ. ಟೀಚರ್ ಲೆಕ್ಕದಲ್ಲಿ ಅದು ಶಿಕ್ಷೆ. ಮಗುವಿನ ಲೆಕ್ಕದಲ್ಲಿ ಬರೆಯುವುದು ತಪ್ಪಿತು. ನಾಳೆ ಮತ್ತೆ ಚಿವುಟುತ್ತದೆ. ವರ್ತನೆಯ ಮೇಲೆ ಕೆಲಸ ಮಾಡುವವರು ಮೂರೇ ವಿಷಯ ಬರೆದಿಟ್ಟುಕೊಳ್ಳುವುದು ಇದಕ್ಕೇ: ಅದಕ್ಕೆ ಮೊದಲು ಏನಾಯ್ತು, ಮಗು ಏನು ಮಾಡಿತು, ಆಮೇಲೆ ಅದಕ್ಕೆ ಏನು ಸಿಕ್ಕಿತು. ಮೂರನೆಯ ಕಾಲಂ ತುಂಬಿದಾಗ ಎಷ್ಟೋ ಸಲ ದೊಡ್ಡವರಿಗೇ ನಾಚಿಕೆಯಾಗುತ್ತದೆ.

ತರಗತಿಯಲ್ಲಿ ಕೆಲಸಕ್ಕೆ ಬರುವ ಉಪಾಯಗಳಲ್ಲಿ ಅದ್ಭುತ ಏನೂ ಇಲ್ಲ. ಕಿಟಕಿ ಬಾಗಿಲಿನಿಂದ ದೂರ, ಟೀಚರ್‌ಗೆ ಹತ್ತಿರ ಕೂರಿಸುವುದು. ‘ಪುಸ್ತಕ ತೆಗಿ, ಹದಿನೈದನೇ ಪುಟ, ಮೊದಲ ಮೂರು ಲೆಕ್ಕ ಮಾಡಿ ತೋರಿಸು’ ಅಂತ ಒಂದೇ ಉಸಿರಿನಲ್ಲಿ ಹೇಳದೆ ಒಂದೊಂದಾಗಿ ಹೇಳುವುದು. ಹತ್ತು ಲೆಕ್ಕದ ಹಾಳೆಯನ್ನು ಮಡಿಚಿ ಮೂರು ಮಾತ್ರ ಕಾಣುವಂತೆ ಕೊಡುವುದು. ಡಸ್ಟರ್ ತರಲು, ಪುಸ್ತಕ ಹಂಚಲು ಕಳಿಸಿ ಎದ್ದು ಓಡಾಡುವುದಕ್ಕೆ ಒಪ್ಪಿಗೆಯ ದಾರಿ ಮಾಡಿಕೊಡುವುದು. ಕಾಲು ಅಲ್ಲಾಡಿಸಿದರೆ ಅಲ್ಲಾಡಿಸಲಿ. ಎಡಿಎಚ್‌ಡಿ ಇರುವ ಹುಡುಗರು ಮೈ ಅಲುಗಿಸುತ್ತಿರುವಾಗ ನೆನಪಿಟ್ಟುಕೊಳ್ಳುವ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡಿದ್ದು 2015ರ ಒಂದು ಅಧ್ಯಯನದಲ್ಲಿ ಕಂಡಿದೆ. ‘ಗುಡ್’ ಅನ್ನುವ ಬದಲು ‘ಕೈ ಎತ್ತಿ ಕಾದೆ, ಚೆನ್ನಾಗಿತ್ತು’ ಅಂತ ಮಾಡಿದ್ದನ್ನೇ ಹೆಸರಿಸಿ ಹೇಳುವುದು. ಅದೂ ಆ ಕ್ಷಣದಲ್ಲೇ, ಸಂಜೆ ಅಲ್ಲ.

ದಿನದ ಚೀಟಿ ಅಂತ ಒಂದು ಪದ್ಧತಿಯೂ ಇದೆ. ಮೂರು ಗುರಿ ಬರೆದಿರುತ್ತದೆ, ಜಾಸ್ತಿ ಬೇಡ. ‘ಕೈ ಎತ್ತಿ ಮಾತಾಡಿದೆ’, ‘ಕೊಟ್ಟ ಕೆಲಸ ಶುರು ಮಾಡಿದೆ’, ಈ ಥರ. ಪ್ರತಿ ಪಿರಿಯಡ್ ಆದ ಮೇಲೆ ಟೀಚರ್ ಗುರುತು ಹಾಕುತ್ತಾರೆ. ಸಂಜೆ ಮನೆಯಲ್ಲಿ ಅದಕ್ಕೆ ಸಣ್ಣ ಬಹುಮಾನ: ಹತ್ತು ನಿಮಿಷ ಜಾಸ್ತಿ ಆಟ, ಒಂದು ಕತೆ. ಗುರಿಯನ್ನು ಮೊದಲ ವಾರ ಸುಲಭವಾಗಿ ಗೆಲ್ಲುವಷ್ಟು ಕೆಳಗೆ ಇಡಬೇಕು. ಇಲ್ಲದಿದ್ದರೆ ಚೀಟಿ ಇನ್ನೊಂದು ದೂರುಪತ್ರ ಆಗುತ್ತದೆ.

ತುಂಬಿದ ತರಗತಿಯ ಟೀಚರ್ ಇದನ್ನು ಓದಿ ‘ಹೇಳೋದು ಸುಲಭ’ ಅಂದರೆ ನಾನು ವಾದ ಮಾಡುವುದಿಲ್ಲ. ಒಬ್ಬ ಮಗುವಿಗೆ ಇಷ್ಟೆಲ್ಲ ಮಾಡುವಾಗ ಉಳಿದವರು ಏನು ಮಾಡಬೇಕು? ಅದಕ್ಕೇ ನನಗೆ ಇಷ್ಟವಾಗುವುದು ಇಡೀ ತರಗತಿಗೆ ಸೇರಿದ ಉಪಾಯಗಳು. 1969ರಲ್ಲಿ ಅಮೆರಿಕದ ಒಂದು ನಾಲ್ಕನೇ ತರಗತಿಯಲ್ಲಿ ಒಳ್ಳೆಯ ನಡತೆಯನ್ನೇ ಆಟ ಮಾಡಿದರು. ಮಕ್ಕಳನ್ನು ಎರಡು ತಂಡ ಮಾಡಿ, ಎದ್ದರೆ, ಕೂಗಿದರೆ ಆ ತಂಡಕ್ಕೆ ಒಂದು ಗುರುತು. ಗುರುತು ಕಮ್ಮಿ ಇದ್ದ ತಂಡ ಗೆದ್ದ ಹಾಗೆ. ಇಬ್ಬರದ್ದೂ ಕಮ್ಮಿಯೇ ಇದ್ದರೆ ಎರಡೂ ತಂಡ ಗೆಲ್ಲಬಹುದು. ಗಲಾಟೆ ಗಮನಾರ್ಹವಾಗಿ ಇಳಿಯಿತು. 1980ರ ದಶಕದಲ್ಲಿ ಬಾಲ್ಟಿಮೋರ್‌ನ ಒಂದನೇ ತರಗತಿಗಳಲ್ಲಿ ಇದನ್ನು ದೊಡ್ಡದಾಗಿ ಆಡಿಸಿದರು. ಆ ಮಕ್ಕಳು 19ರಿಂದ 21 ವರ್ಷದವರಾದಾಗ ಹುಡುಕಿ ನೋಡಿದರೆ, ಚಿಕ್ಕಂದಿನಲ್ಲಿ ಜಗಳಗಂಟರಾಗಿದ್ದ ಹುಡುಗರಲ್ಲಿ ಮಾದಕ ವಸ್ತುವಿನ ಚಟ ಆಟ ಆಡದ ಅಂಥವರಿಗಿಂತ ಕಮ್ಮಿ ಇತ್ತು. ಯಾರ ಮೇಲೂ ಹೆಸರು ಹಚ್ಚಬೇಕಾಗಲಿಲ್ಲ.

ಔಷಧಿಯ ಮಾತು ಬಂದರೆ ಮನೆಯಲ್ಲಿ ಎರಡು ಪಕ್ಷ. ಇದರ ಕತೆ ಶುರುವಾದದ್ದು ಆಕಸ್ಮಿಕವಾಗಿ. 1937ರಲ್ಲಿ ಅಮೆರಿಕದ ರೋಡ್ ಐಲೆಂಡಿನಲ್ಲಿ ಚಾರ್ಲ್ಸ್ ಬ್ರಾಡ್ಲಿ ಅನ್ನುವ ವೈದ್ಯ, ಮೆದುಳಿನ ವೈದ್ಯಕೀಯ ಪರೀಕ್ಷೆಯೊಂದರ ಆಮೇಲೆ ಬರುತ್ತಿದ್ದ ತಲೆನೋವಿಗೆ ಅಂತ ಮಕ್ಕಳಿಗೆ ಬೆಂಜೆಡ್ರಿನ್ ಅನ್ನುವ ಉತ್ತೇಜಕ ಔಷಧಿ ಕೊಟ್ಟ. ತಲೆನೋವಿಗೆ ಹೆಚ್ಚೇನೂ ಆಗಲಿಲ್ಲ. ಆದರೆ 30 ಮಕ್ಕಳಲ್ಲಿ ಅರ್ಧದಷ್ಟು ಮಂದಿಯ ಶಾಲೆಯ ಕೆಲಸ ಎದ್ದು ಕಾಣುವಂತೆ ಸುಧಾರಿಸಿತು. ಇವತ್ತು ಹೆಚ್ಚು ಬಳಕೆಯಲ್ಲಿರುವ ಮಿಥೈಲ್‌ಫೆನಿಡೇಟ್ ಅನ್ನು 1944ರಲ್ಲಿ ತಯಾರಿಸಿದವನು ಲಿಯಾಂಡ್ರೊ ಪಾನಿಜ್ಜಾನ್. ಅದರ ರಿಟಾಲಿನ್ ಅನ್ನುವ ಹೆಸರು ಅವನ ಹೆಂಡತಿ ರೀಟಾಳಿಂದ ಬಂತು.

ಶಾಲೆಗೆ ಹೋಗುವ ವಯಸ್ಸಿನ, ಸರಿಯಾಗಿ ಗುರುತಿಸಿದ ಮಕ್ಕಳಲ್ಲಿ ಈ ಔಷಧಿ ಲಕ್ಷಣಗಳನ್ನು ಚೆನ್ನಾಗಿಯೇ ತಗ್ಗಿಸುತ್ತದೆ. ಹಸಿವು ಕಮ್ಮಿಯಾಗುವುದು, ನಿದ್ದೆ ತಡವಾಗುವುದು ಸಾಮಾನ್ಯ ಅಡ್ಡ ಪರಿಣಾಮ. ತೀರಾ ಚಿಕ್ಕವರಲ್ಲಿ ಲಾಭ ಕಮ್ಮಿ, ತೊಂದರೆ ಜಾಸ್ತಿ. ಹಾಗಾಗಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ 2019ರ ಮಾರ್ಗಸೂಚಿ, 4 ವರ್ಷ ತುಂಬಿ 6 ಆಗದ ಮಕ್ಕಳಿಗೆ ಮೊದಲು ಮಾತ್ರೆ ಅಲ್ಲ, ಮಗುವನ್ನು ನಿಭಾಯಿಸುವ ಬಗ್ಗೆ ಪೋಷಕರಿಗೆ ತರಬೇತಿ ಅನ್ನುತ್ತದೆ. ಬ್ರಿಟನ್ನಿನ ಮಾರ್ಗಸೂಚಿಯೂ 5 ವರ್ಷದೊಳಗಿನವರಿಗೆ ಇದನ್ನೇ ಹೇಳುತ್ತದೆ. ಆ 579 ಮಕ್ಕಳ ಪ್ರಯೋಗದಲ್ಲಿ 14 ತಿಂಗಳಾದಾಗ ಔಷಧಿ ಎಚ್ಚರಿಕೆಯಿಂದ ಕೊಟ್ಟ ಗುಂಪುಗಳು ಮುಂದಿದ್ದವು. ಮೂರು ವರ್ಷದ ಹೊತ್ತಿಗೆ ಗುಂಪುಗಳ ನಡುವಿನ ಅಂತರ ಅಳಿಸಿಹೋಗಿತ್ತು. ಸತತವಾಗಿ ಔಷಧಿ ತೆಗೆದುಕೊಂಡವರು ತೆಗೆದುಕೊಳ್ಳದವರಿಗಿಂತ ಸುಮಾರು 2 ಸೆಂ.ಮೀ. ಕಮ್ಮಿ ಬೆಳೆದಿದ್ದರು. ಇದು ವಿಷವೂ ಅಲ್ಲ, ಪವಾಡವೂ ಅಲ್ಲ. ಕನ್ನಡಕದ ಹಾಗೆ ಅಂತ ಕೆಲವರು ಹೇಳುತ್ತಾರೆ. ನನಗೆ ಆ ಹೋಲಿಕೆ ಪೂರ್ತಿ ಒಪ್ಪಿಗೆ ಇಲ್ಲ, ಕನ್ನಡಕಕ್ಕೆ ಹಸಿವು ಕೆಡುವುದಿಲ್ಲ.

ಸಕ್ಕರೆಯ ವಿಷಯ ಕೇಳದೆ ಯಾರೂ ಬಿಡುವುದಿಲ್ಲ. ಸಕ್ಕರೆ ತಿಂದರೆ ಮಕ್ಕಳು ಕುಣಿಯುತ್ತಾರೆ ಅನ್ನುವುದನ್ನು ಪರೀಕ್ಷಿಸಿದ ಅಧ್ಯಯನಗಳನ್ನೆಲ್ಲ 1995ರಲ್ಲಿ ಒಟ್ಟು ಮಾಡಿ ನೋಡಿದಾಗ ಅಂಥದ್ದೇನೂ ಸಿಗಲಿಲ್ಲ. ಆದರೆ ಅದಕ್ಕೆ ಒಂದು ವರ್ಷ ಮೊದಲು ಬಂದ ಒಂದು ಪ್ರಯೋಗ ನನಗೆ ಸಕ್ಕರೆಗಿಂತ ದೊಡ್ಡ ವಿಷಯ ಹೇಳುತ್ತದೆ. 5ರಿಂದ 7 ವರ್ಷದ ಹುಡುಗರಿಗೆಲ್ಲ ಸಕ್ಕರೆಯಿಲ್ಲದ, ಬರೀ ಕೃತಕ ಸಿಹಿ ಇದ್ದ ಪಾನೀಯ ಕೊಟ್ಟರು. ಅರ್ಧ ತಾಯಂದಿರಿಗೆ ಮಾತ್ರ ‘ನಿಮ್ಮ ಮಗನಿಗೆ ತುಂಬಾ ಸಕ್ಕರೆ ಕೊಟ್ಟಿದ್ದೇವೆ’ ಅಂದರು. ಆ ತಾಯಂದಿರಿಗೆ ತಮ್ಮ ಮಗ ಜಾಸ್ತಿ ಕುಣಿಯುತ್ತಿರುವ ಹಾಗೆ ಕಂಡ. ಅವರು ಮಗನ ಹತ್ತಿರವೇ ಇದ್ದು ಹೆಚ್ಚು ತಪ್ಪು ಹುಡುಕಿದರು. ಮಗನಲ್ಲಿ ಏನೂ ಬದಲಾಗಿರಲಿಲ್ಲ, ನೋಡುವ ಕಣ್ಣಿಗೆ ಮಾತ್ರ ಒಂದು ಸುದ್ದಿ ಸಿಕ್ಕಿತ್ತು. ಒಂದು ಮಗುವಿನ ಬಗ್ಗೆ ಸ್ಟಾಫ್ ರೂಮಿನಲ್ಲಿ ಕೇಳಿದ ಮಾತು ಮುಂದಿನ ವರ್ಷದ ಟೀಚರ್ ಕಣ್ಣಿಗೆ ಏನು ಮಾಡುತ್ತದೆ ಅಂತ ಇದರಿಂದ ಅಂದಾಜು ಮಾಡಬಹುದು.

ಹಾಗಾಗಿ ಡಾಕ್ಟರ್ ಹತ್ತಿರ ಹೋಗುವ ಮೊದಲು ಎರಡು ವಾರ ಬರೆದಿಡುವುದು ಒಳ್ಳೆಯದು. ‘ತುಂಬಾ ತುಂಟ’ ಅಂತ ಅಲ್ಲ. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಕೆಲಸ ಕೊಟ್ಟಾಗ, ಎಷ್ಟು ನಿಮಿಷ ಕೂತ, ರಾತ್ರಿ ಎಷ್ಟು ಮಲಗಿದ್ದ, ಯಾವಾಗ ಚೆನ್ನಾಗಿದ್ದ. ಕೊನೆಯದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ವೈದ್ಯರು ಮನೆಗೂ ಶಾಲೆಗೂ ಬೇರೆ ಬೇರೆ ಫಾರ್ಮ್ ಕೊಡಬಹುದು. ವ್ಯಾಂಡರ್‌ಬಿಲ್ಟ್ ಅನ್ನುವ ಹೆಸರಿನ ಫಾರ್ಮ್‌ನಲ್ಲಿ ಪ್ರತಿ ಲಕ್ಷಣದ ಮುಂದೆ ನಾಲ್ಕು ಅಂಕ ಇರುತ್ತವೆ: ಎಂದೂ ಇಲ್ಲ, ಆಗೊಮ್ಮೆ ಈಗೊಮ್ಮೆ, ಪದೇ ಪದೇ, ತುಂಬಾ ಪದೇ ಪದೇ. ಕೊನೆಯ ಎರಡಕ್ಕೆ ಗುರುತು ಬಿದ್ದರೆ ಮಾತ್ರ ಆ ಲಕ್ಷಣ ಲೆಕ್ಕಕ್ಕೆ ಬರುತ್ತದೆ. ಎರಡನೇ ಮತ್ತು ಮೂರನೇ ಕಾಲಂ ನಡುವೆ ಪೆನ್ನು ಒಂದು ಕ್ಷಣ ನಿಲ್ಲುತ್ತದೆ. ಮಗುವಿನ ವಯಸ್ಸಿಗೆ ಏನು ಸಹಜವೋ ಅದನ್ನು ಇಟ್ಟುಕೊಂಡು ಅಂಕ ಹಾಕಿ ಅಂತ ಫಾರ್ಮ್‌ನ ಮೇಲ್ಗಡೆ ಸಣ್ಣ ಅಕ್ಷರದಲ್ಲಿ ಒಂದು ಸೂಚನೆ ಇರುತ್ತದೆ. ಟೀಚರ್ ಪೆನ್ನು ತೆಗೆಯುವ ಮೊದಲು ಹಾಜರಿ ಪುಸ್ತಕದಲ್ಲಿ ಆ ಮಗುವಿನ ಹುಟ್ಟಿದ ದಿನ ನೋಡಲಿ. ಅದರ ಎಡಕ್ಕೂ ಬಲಕ್ಕೂ ಕೂರುವ ಮಕ್ಕಳದ್ದನ್ನೂ ನೋಡಲಿ.